ಡೆನ್ವರ್‌ಗೆ ಹೋಗುವವರು ಬೆಟ್ಟವನ್ನು ಮೂರನೇ ದಿನಕ್ಕೆ ಇಟ್ಟುಕೊಳ್ಳಿ
ಅಲ್ಲಿನ ಬೇಸಿಗೆಯಲ್ಲಿ, ಅಂದರೆ ಜೂನ್, ಜುಲೈ, ಆಗಸ್ಟಿನಲ್ಲಿ, ಅಪ್ಪ ಅಮ್ಮನನ್ನು ಕರೆದುಕೊಂಡು ಅಮೆರಿಕದ ಡೆನ್ವರ್‌ಗೆ ಹೋಗುವವರು ಮೊದಲ ಎರಡು ರಾತ್ರಿ ಆ ಊರಲ್ಲೇ ಉಳಿಯಿರಿ. ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್ ಮೂರನೇ ದಿನ, ಅದೂ ಬೆಳಗ್ಗೆ ಬೇಗ. ಡೆನ್ವರ್ ಇರುವುದೇ ಸುಮಾರು 1,600 ಮೀಟರ್ ಎತ್ತರದಲ್ಲಿ. ಪಾರ್ಕಿನ ಟ್ರೈಲ್ ರಿಡ್ಜ್ ರಸ್ತೆ 3,713 ಮೀಟರ್‌ವರೆಗೆ ಹತ್ತುತ್ತದೆ, ಅಂದರೆ ನಮ್ಮ ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಎರಡರಷ್ಟು! ಬ್ಯಾಗಿನಲ್ಲಿರುವ ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುತ್ತದೆ, ಗಾಳಿ ಅಷ್ಟು ತೆಳು. ಎರಡು ದಿನ ನಡುವಿನ ಎತ್ತರದಲ್ಲಿ ಕಳೆದರೆ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ, ತಲೆನೋವು, ವಾಕರಿಕೆಯ ಕಾಟ ಕಡಿಮೆ. ಬೆಳಗ್ಗೆ ಯಾಕೆಂದರೆ, ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನ ಗುಡುಗು ಸಿಡಿಲು ಜಾಸ್ತಿ, ಮೇಲೆ ಒಂದು ಮರವೂ ಇಲ್ಲದ ಬಯಲು. ನೀರು ಆಗಾಗ ಕುಡಿಯುತ್ತಿರಿ, ಸ್ವೆಟರ್ ಮರೆಯಬೇಡಿ. ಆದರೆ ಹೃದಯ, ಶ್ವಾಸಕೋಶದ ತೊಂದರೆ ಇರುವವರಿಗೆ ಈ ಎರಡು ದಿನ ಸಾಲದು, ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ. ಮೇಲೆ ಹೋದಾಗ ಯಾರಿಗಾದರೂ ವಾಂತಿ, ತಲೆಸುತ್ತು ಶುರುವಾದರೆ ಸುಮ್ನೆ ಕಾಯಬೇಡಿ, ತಕ್ಷಣ ಕೆಳಗಿಳಿಯಿರಿ. ಇನ್ನು ಅಕ್ಟೋಬರ್ ಮಧ್ಯದಿಂದ ಮೇ ಕೊನೆವರೆಗೆ ಹಿಮದಿಂದಾಗಿ ಆ ರಸ್ತೆಯ ಮೇಲ್ಭಾಗ ಸಾಮಾನ್ಯವಾಗಿ ಮುಚ್ಚಿರುತ್ತದೆ.