ಹಿಂಡಿ ಲೆಕ್ಕ: ಒಂದು ಚಿಹ್ನೆ ತಪ್ಪಿ ಕಳಕೊಂಡಿದ್ದು, ಆಮೇಲೆ ಉಳಿಸಿದ್ದು

ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸು ಏಳು. ದಿನಕ್ಕೆ ಹೆಚ್ಚುಕಮ್ಮಿ 35 ಕೆಜಿ ಫೀಡ್ ಬೇಕು. 50 ಕೆಜಿ ಚೀಲ 1,800 ದಾಟಿದ ದಿನ, ಇನ್ನು ನಾನೇ ಕಲಸ್ತೀನಿ ಅಂತ ಹಠ ಹಿಡಿದೆ. ಡೇರಿ ಮುಂದೆ ಕ್ಯಾನ್ ಇಟ್ಟು ನಿಂತಿದ್ದಾಗ ಒಬ್ಬರು, "ಏನಣ್ಣಾ, ಎಕ್ಸು ವೈ ಬರೆದ್ರೆ ಹಸು ಹಾಲು ಕೊಡುತ್ತಾ?" ಅಂದರು. ಎಂಟು ತಿಂಗಳಾಯ್ತು, ಕೊಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ 100 ಕೆಜಿಗೆ. ಖನಿಜ ಮಿಶ್ರಣ 2, ಉಪ್ಪು 1, ಅದು ಖಾಯಂ. ಉಳಿದ 97ರಲ್ಲಿ ಮೆಕ್ಕೆಜೋಳದ ನುಚ್ಚು ಜ, ಕಡಲೆಕಾಯಿ ಹಿಂಡಿ ಹ, ಗೋಧಿ ಬೂಸಾ ಬ. ಪ್ರೋಟೀನ್ ನೂರಕ್ಕೆ ಸುಮಾರು 9, 42, 15. ಆಗಿನ ರೇಟು ಕೆಜಿಗೆ 22, 48, 23 ಇದ್ದ ನೆನಪು. ಮಿಶ್ರಣದಲ್ಲಿ ಪ್ರೋಟೀನ್ ಶೇ. 20 ಆದರೂ ಇರಬೇಕು, ಅಂದರೆ 100 × 20 = 2000:

9ಜ + 42ಹ + 15ಬ ≥ 2000

ಖರ್ಚು ಎಷ್ಟು ಕಮ್ಮಿ ಆದರೆ ಅಷ್ಟು ಒಳ್ಳೇದು. ಇಷ್ಟೇ ಬರೆದು ಬಿಡಿಸಿದೆ. ಸುಮಾರು ಬೂಸಾ 77, ಹಿಂಡಿ 20, ಜೋಳ ಸೊನ್ನೆ ಅಂತ ಬಂತು. ಅಗ್ಗ ಅಂತ ಖುಷಿಯಾಗಿ ಅದನ್ನೇ ಕಲಸಿ ಹಾಕಿದೆ. ನಾಲ್ಕನೇ ದಿನಕ್ಕೆ ಸಗಣಿ ನೀರಾಯ್ತು. ಹಸುವಿಗೆ ಒಂದೂವರೆ ಲೀಟರ್ ಹಾಲು ಇಳಿಯಿತು. ಹತ್ತು ಹನ್ನೆರಡು ದಿನಕ್ಕೆ ನಾಲ್ಕು ಸಾವಿರ ಹೋಯ್ತು. ಬಿಡಿಸಿದ್ದು ತಪ್ಪಿರಲಿಲ್ಲ. ಬೂಸಾ ಹೊಟ್ಟೆ ತುಂಬಿಸುತ್ತೆ, ಜೋಳದಷ್ಟು ಶಕ್ತಿ ಕೊಡಲ್ಲ ಅನ್ನೋದು ನನಗೆ ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಬ ≤ 40 ಅಂತ ಒಂದು ಸಾಲು ಸೇರಿಸಿದೆ. ಹಿಂಡಿಗೆ ಬೂಷ್ಟು ಹಿಡಿದರೆ ಅದರ ವಿಷ ಹಾಲಿಗೂ ಇಳಿಯುತ್ತೆ, ಅದಕ್ಕೆ ಹ ≤ 30 ಅಂತಲೂ ಬರೆದೆ.

ಎರಡನೇ ಪೆಟ್ಟು ಇನ್ನೂ ಜೋರು. ಬೂಸಾ 40 ಇಟ್ಟರೆ ಜೋಳ, ಹಿಂಡಿ ಸೇರಿ 57. 2000ದಲ್ಲಿ ಬೂಸಾದ 15 × 40 = 600 ಕಳೆದರೆ 1400. ಹ ಜಾಗಕ್ಕೆ 57 − ಜ ಹಾಕಿದೆ:

9ಜ + 42(57 − ಜ) ≥ 1400
−33ಜ ≥ −994

ಇಲ್ಲಿ −33ರಿಂದ ಭಾಗಿಸಿ ಜ ≥ 30 ಅಂತ ಬರೆದೆ. ಜೋಳ ಅಗ್ಗ ಅಲ್ವಾ, 40 ಕೆಜಿ ಹಾಕಿದೆ, ಹಿಂಡಿ ಬರೀ 17. ವಾರ ಕಳೆಯೋದ್ರಲ್ಲಿ ಹಾಲು ಕಮ್ಮಿ, 8.5 ಇದ್ದ ಎಸ್‌ಎನ್‌ಎಫ್ (ಹಾಲಲ್ಲಿ ನೀರು, ಕೊಬ್ಬು ಬಿಟ್ಟು ಉಳಿಯುವ ಗಟ್ಟಿ ಅಂಶ) 8.2. ಡೇರಿಯಲ್ಲಿ ದರ ಕಟ್. ರಾತ್ರಿ ಪಿಯುಸಿ ಓದುವ ಮಗಳು ನೋಟ್‌ಬುಕ್ ನೋಡಿ, "ಅಪ್ಪ, ಮೈನಸ್‌ನಿಂದ ಭಾಗಿಸಿದ್ರೆ ಚಿಹ್ನೆ ತಿರುಗಿಸ್ಬೇಕು" ಅಂದಳು. ಅದು ಜ ≤ 30! ಅಲ್ಲೇ 40 ಹಾಕಿ ಕೂಡಿ ನೋಡಿದೆವು: 360 + 714 + 600 = 1674. ಬೇಕಿದ್ದದ್ದು 2000. ಅವತ್ತಿಂದ ಬಂದ ಉತ್ತರವನ್ನು ಮೊದಲ ಸಾಲಿಗೆ ಹಾಕಿ ನೋಡದೆ ಚೀಲ ಬಿಚ್ಚುವುದಿಲ್ಲ.

ಈಗಿನ ಮಿಶ್ರಣ ಜೋಳ 30, ಹಿಂಡಿ 27, ಬೂಸಾ 40. ಪ್ರೋಟೀನ್ 2004. ಬೀಸುವ ಕೂಲಿ ಸೇರಿ ಕೆಜಿಗೆ 32 ರೂಪಾಯಿ ಒಳಗೇ ಬೀಳುತ್ತೆ. ಚೀಲದ್ದು 36. ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ ಉಳಿತಾಯ. ಎಸ್‌ಎನ್‌ಎಫ್ ಮತ್ತೆ 8.5ಕ್ಕೆ ಬಂದಿದೆ. ಅವತ್ತು ಕೇಳಿದವರೇ ಈಗ ಚೀಟಿಯಲ್ಲಿ ಬರೆಸಿಕೊಂಡು ಹೋಗಿದ್ದಾರೆ. ಹೊಸ ಮಿಶ್ರಣಕ್ಕೆ ಎಂಟ್ಹತ್ತು ದಿನ ತಗೊಂಡು ಸ್ವಲ್ಪ ಸ್ವಲ್ಪವೇ ಬದಲಿಸಿ.

ಪುಸ್ತಕದಲ್ಲಿ ಹಿಂಡಿಯ ಪ್ರೋಟೀನ್ 45 ಅಂತಲೂ ಇರುತ್ತೆ. ನಾನು 42 ಹಿಡಿಯುತ್ತೇನೆ. ಮಳೆಗಾಲದಲ್ಲಿ 40 ಹಿಡಿದು ಹಿಂಡಿ 29, ಜೋಳ 28 ಮಾಡುತ್ತೇನೆ. ಗಾಣದಲ್ಲಿ ಹಿಂಡಿ ಮುರಿದು ಒಳ್ಳೇದು ಯಾವುದು ಅಂತ ಹೇಗೆ ಆರಿಸುತ್ತೇನೆ ಅನ್ನೋದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ನೀರಲ್ಲಿ ತೇಲಿ ಬೆಳೆಯುವ ಅಜೋಲಾ ಸೊಪ್ಪನ್ನೂ ಬೆಳೆದು ನೋಡಿದೆ. ಒಣಗಿಸಿದರೆ ಅದರಲ್ಲಿ ಪ್ರೋಟೀನ್ ಶೇ. 25ರ ಹತ್ತಿರ ಅಂತಾರೆ, ನಿಜ. ಆದರೆ ತೊಟ್ಟಿಯಿಂದ ತೆಗೆದ ಒಂದು ಕೆಜಿಯಲ್ಲಿ 900 ಗ್ರಾಂಗೂ ಜಾಸ್ತಿ ನೀರೇ. ಹಸಿ ಅಜೋಲಾಕ್ಕೆ 25ರ ಬದಲು ಒಂದೂವರೆ ಹಾಕಿದರೆ ಲೆಕ್ಕದಲ್ಲಿ ನಿಲ್ಲಲೇ ಇಲ್ಲ. ಈಗ ಅದು ಕೋಳಿಗಳಿಗೆ.

ಹೋದ ವಾರ ಹತ್ತಿಕಾಳು ಹಿಂಡಿ ಕೇಳಿದೆ. ಅದರ ಪ್ರೋಟೀನ್ 22 ಅಂತ ಹಿಡಿದೆ. 10 ಕೆಜಿ ಹಾಕಿದರೆ ಜೋಳ 6, ಕಡಲೆಕಾಯಿ ಹಿಂಡಿ 4 ತೆಗೆಯಬಹುದು, ಅಂದರೆ 132 + 192 = 324 ರೂಪಾಯಿ ಉಳಿಯುತ್ತೆ. ಅದರ ರೇಟು ಪ ಅಂದುಕೊಂಡರೆ 10ಪ < 324 ಆಗಬೇಕು. ಅಂಗಡಿಯವರು 36 ಅಂದರು. 32 ಆದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದಿದ್ದೇನೆ.