ಮಲೇರಿಯಾ ಬಂದವರಲ್ಲಿ ಎಚ್‌ಐವಿ ಎಷ್ಟು: ಪರೀಕ್ಷೆಯಲ್ಲೂ ಲೆಕ್ಕದಲ್ಲೂ ಎಡವದಿರುವ ಕ್ರಮ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಂಗಳೂರಿನ ಲ್ಯಾಬ್‌ಗಳಿಗೆ ಚಳಿಜ್ವರದವರು ಬರುವುದು ಹೆಚ್ಚುತ್ತದೆ. ಅವರಲ್ಲಿ ಎಷ್ಟು ಮಂದಿಗೆ ಎಚ್‌ಐವಿ ಇರಬಹುದು ಎಂಬ ಪ್ರಶ್ನೆ ವೈದ್ಯ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ, ನರ್ಸಿಂಗ್ ಹೋಂಗಳ ದಾಖಲೆಗಳಲ್ಲಿ ಮತ್ತೆ ಮತ್ತೆ ಏಳುತ್ತದೆ. ಉತ್ತರ ತಪ್ಪುವುದು ಹೆಚ್ಚಾಗಿ ಎರಡು ಕಡೆ: ಜ್ವರ ಏರಿರುವಾಗಲೇ ಒಂದೇ ಎಚ್‌ಐವಿ ಪರೀಕ್ಷಾ ಕಿಟ್ ನೋಡಿ ತೀರ್ಮಾನಿಸುವಾಗ, ಮತ್ತು ಭಾಗಿಸುವ ಸಂಖ್ಯೆಯನ್ನು ಅಂದಾಜಿಗೆ ಹಿಡಿಯುವಾಗ.

ರೋಗಿಗಳು ಕೇಳಿಯೇ ಕೇಳುವ ಮಾತಿಗೆ ಮೊದಲು ಉತ್ತರ. ಸೊಳ್ಳೆಯಿಂದ ಎಚ್‌ಐವಿ ಹರಡುವುದಿಲ್ಲ. ಆ ವೈರಸ್ ಸೊಳ್ಳೆಯೊಳಗೆ ಬೆಳೆಯುವುದಿಲ್ಲ. ಕಚ್ಚುವಾಗ ಸೊಳ್ಳೆ ಒಳಬಿಡುವುದು ತನ್ನ ಜೊಲ್ಲನ್ನು, ಹಿಂದೆ ಹೀರಿದ ರಕ್ತವನ್ನಲ್ಲ. ಮಲೇರಿಯಾ ಪರಾವಲಂಬಿಯಾದರೋ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿನ ಗ್ರಂಥಿಗೆ ಬಂದು ಸೇರುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದನ್ನು ಬಿಡಿಸಿ ಹೇಳದಿದ್ದರೆ "ಮಲೇರಿಯಾಕ್ಕೆ ಎಚ್‌ಐವಿ ಪರೀಕ್ಷೆ ಯಾಕೆ?" ಎಂಬ ಭಯ ಉಳಿದುಬಿಡುತ್ತದೆ.

ಎಷ್ಟು ನಿರೀಕ್ಷಿಸಬೇಕು

2021ರ ರಾಷ್ಟ್ರೀಯ ಅಂದಾಜಿನ ಪ್ರಕಾರ 15ರಿಂದ 49 ವರ್ಷದವರಲ್ಲಿ ಎಚ್‌ಐವಿ ಪ್ರಮಾಣ ಭಾರತದಲ್ಲಿ ಶೇ 0.21, ಕರ್ನಾಟಕದಲ್ಲಿ ಶೇ 0.46. ಅಂದರೆ ರಾಜ್ಯದಲ್ಲಿ ಸಾವಿರಕ್ಕೆ ಸುಮಾರು ಐದು ಜನ. ಎರಡೂ ಸೋಂಕು ವ್ಯಾಪಕವಾಗಿರುವ ಆಫ್ರಿಕಾದ ದೇಶಗಳ ಅಂಕಿಯನ್ನು ತಂದು ಇಲ್ಲಿಗೆ ಹೊಂದಿಸಬೇಡಿ. ಅಲ್ಲಿ ಎಚ್‌ಐವಿ ಪ್ರಮಾಣವೂ ಬೇರೆ, ಮಲೇರಿಯಾದ ಜಾತಿಯೂ ಬೇರೆ. ಅಲ್ಲಿ ಮುಖ್ಯವಾಗಿ ಫಾಲ್ಸಿಪ್ಯಾರಮ್, ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ವೈವ್ಯಾಕ್ಸ್.

ಇನ್ನೊಂದು ಗೊಂದಲ: ಮಲೇರಿಯಾ ಬಂದವರಲ್ಲಿ ಎಚ್‌ಐವಿ ಎಷ್ಟು ಎಂಬುದು ಒಂದು ಪ್ರಶ್ನೆ, ಎಚ್‌ಐವಿ ಇರುವವರಲ್ಲಿ ಮಲೇರಿಯಾ ಎಷ್ಟು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಮಲೇರಿಯಾ ಸ್ಲೈಡ್ (ಗಾಜಿನ ಪಟ್ಟಿಯ ರಕ್ತಪರೀಕ್ಷೆ) ರಿಜಿಸ್ಟರ್‌ನಿಂದ ಹೊರಡಬೇಕು, ಎರಡನೆಯದಕ್ಕೆ ಎಚ್‌ಐವಿ ಔಷಧ (ಎಆರ್‌ಟಿ) ಕೊಡುವ ಕೇಂದ್ರದ ಪಟ್ಟಿಯಿಂದ. ಒಂದರ ಉತ್ತರವನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಇಡೀ ಕೆಲಸ ದಂಡ.

ಪರೀಕ್ಷೆಗೆ ಕೂರಿಸುವ ಮೊದಲು

ಚಳಿಯಿಂದ ನಡುಗುತ್ತಿರುವವರ ಒಪ್ಪಿಗೆ ಒಪ್ಪಿಗೆಯಲ್ಲ. ಮಲೇರಿಯಾಕ್ಕೆ ರಕ್ತ ತೆಗೆಯುವುದನ್ನು ತಡಮಾಡಬೇಡಿ, ಮೊದಲ ಮಾತ್ರೆಗೆ ಮುಂಚೆಯೇ ತೆಗೆಯಿರಿ. ಎಚ್‌ಐವಿ ಮಾತನ್ನು ಮಾತ್ರ ಜ್ವರ ಇಳಿದ ಮೇಲೆ, ಎರಡನೆಯ ಅಥವಾ ಮೂರನೆಯ ದಿನ ಎತ್ತಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ವ್ಯಕ್ತಿಗೆ ತಿಳಿಯುವಂತೆ ವಿವರಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. "ತಿಳಿಯುವಂತೆ" ಅಂದರೆ ಅವರ ಮಾತಿನಲ್ಲಿ: ತುಳು, ಬ್ಯಾರಿ, ಕೊಂಕಣಿ ಆಡುವವರಿಗೆ ಅದರಲ್ಲೇ, ಕಟ್ಟಡ ಕೆಲಸಕ್ಕೆ ಬಂದ ಒಡಿಶಾ, ಬಂಗಾಳದವರಿಗೆ ಅವರ ಭಾಷೆ ಬಲ್ಲವರಿಂದ. ಆದರೆ ಮೇಸ್ತ್ರಿಯನ್ನು ದುಭಾಷಿಯಾಗಿ ಕೂರಿಸಲೇಬೇಡಿ. ಅವರ ಕೂಲಿ ಅವನ ಕೈಯಲ್ಲಿರುತ್ತದೆ.

ಮಲೇರಿಯಾ ವರದಿ ಆರೋಗ್ಯ ಇಲಾಖೆಗೆ ಹೋಗುತ್ತದೆ, ಅದನ್ನು ಹಿಡಿದು ಕಾರ್ಯಕರ್ತರು ಮನೆಗೆ, ಸೈಟಿಗೆ ಬರುತ್ತಾರೆ. ಆದ್ದರಿಂದ ಆ ಫಾರಂನಲ್ಲಿ ಎಚ್‌ಐವಿ ಬಗ್ಗೆ ಒಂದು ಅಕ್ಷರವೂ, ಕೆಂಪು ಶಾಯಿಯ ಗುರುತೂ ಇರಬಾರದು. ಬೇರೆ ಪುಸ್ತಕ, ಹೆಸರಿನ ಬದಲು ಕೋಡ್, ಕೋಡ್ ಬಿಡಿಸುವ ಪಟ್ಟಿ ಬೀಗದೊಳಗೆ.

ಕಿಟ್ ಮತ್ತು ಸುಳ್ಳು ಗೆರೆ

ಕರಾವಳಿಯ ತೇವ ಕಿಟ್‌ಗಳಿಗೆ ಶತ್ರು. ಫ್ರಿಜ್ಜಿನಿಂದ ತೆಗೆದ ಪೊಟ್ಟಣವನ್ನು ಹಾಗೇ ಹರಿಯಬೇಡಿ. ಕೋಣೆಯ ಉಷ್ಣತೆಗೆ ಬರುವವರೆಗೆ ಕಾಯದಿದ್ದರೆ ಪಟ್ಟಿಯ ಮೇಲೆ ನೀರು ಕಟ್ಟುತ್ತದೆ. ರಕ್ತ ಹಾಕುವ ಹೊತ್ತಿಗಷ್ಟೇ ಪೊಟ್ಟಣ ತೆರೆಯಿರಿ. ಸೋಂಕಿದೆ ಎಂದು ತೋರಿಸುವ ಗೆರೆಯನ್ನು ಕಿಟ್‌ನ ಕಾಗದದಲ್ಲಿ ಎಷ್ಟು ನಿಮಿಷ ಎಂದಿದೆಯೋ ಅಷ್ಟಕ್ಕೇ ಓದಿ. ಊಟ ಮುಗಿಸಿ ಬಂದು ನೋಡಿದಾಗ ಕಾಣುವ ಮಸುಕು ಗೆರೆಯನ್ನು ಲೆಕ್ಕಕ್ಕೆ ಹಿಡಿಯಬಾರದು.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮಲೇರಿಯಾವೇ. ತೀವ್ರ ಮಲೇರಿಯಾದಲ್ಲಿ ದೇಹ ಬೇಕಾದ್ದು ಬೇಡವಾದ್ದು ಎನ್ನದೆ ನಾನಾ ಬಗೆಯ ಪ್ರತಿಕಾಯಗಳನ್ನು (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್; ಕಿಟ್ ಹುಡುಕುವುದು ಇವನ್ನೇ) ಒಟ್ಟಿಗೆ ಸುರಿಯುತ್ತದೆ. ಅವುಗಳಲ್ಲಿ ಕೆಲವು ಎಚ್‌ಐವಿ ಕಿಟ್‌ಗೆ ಅಂಟಿಕೊಂಡು ಸುಳ್ಳು ಗೆರೆ ಮೂಡಿಸಬಹುದು. ಲೆಕ್ಕ ಹಾಕಿ ನೋಡಿ. ಸಾವಿರ ಜನರಲ್ಲಿ ನಿಜವಾಗಿ ಐವರಿಗೆ ಎಚ್‌ಐವಿ ಇದೆ ಎನ್ನೋಣ. ಸೋಂಕಿಲ್ಲದ 995 ಜನರಲ್ಲಿ ಶೇ 99.5 ಮಂದಿಗೆ ಸರಿಯಾಗಿ "ಇಲ್ಲ" ಎನ್ನುವ ಉತ್ತಮ ಕಿಟ್ ಕೂಡ ಸುಮಾರು ಐವರಿಗೆ ತಪ್ಪಾಗಿ "ಇದೆ" ಎನ್ನುತ್ತದೆ. ಒಟ್ಟು ಹತ್ತು ಗೆರೆ, ಅದರಲ್ಲಿ ಅರ್ಧ ಸುಳ್ಳು. ಜ್ವರದ ದೆಸೆಯಿಂದ ಅದೇ ಕಿಟ್‌ನ ಖಚಿತತೆ ಶೇ 98ಕ್ಕೆ ಇಳಿದರೆ ಸುಳ್ಳು ಗೆರೆಗಳೇ 20, ನಿಜ ಐದು. ಒಂದೇ ಕಿಟ್ ನಂಬಿದವರ ವರದಿಯಲ್ಲಿ ಪ್ರಮಾಣ ಐದು ಪಟ್ಟು ಉಬ್ಬುತ್ತದೆ, 20 ಮನೆಗಳಲ್ಲಿ ಕಾರಣವಿಲ್ಲದೆ ಬೆಂಕಿ ಬೀಳುತ್ತದೆ.

ಅದಕ್ಕೇ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಾದ ಐಸಿಟಿಸಿಗಳಲ್ಲಿ ಮೂರು ಬೇರೆ ಬೇರೆ ಕಿಟ್‌ಗಳ ಕ್ರಮವಿದೆ. ಮೊದಲನೆಯದರಲ್ಲಿ ಗೆರೆ ಬಂದರೆ ಎರಡನೆಯದು, ಮೂರನೆಯದು. ಮೂರರಲ್ಲೂ ಬಂದರೆ ಮಾತ್ರ ಎಚ್‌ಐವಿ ಇದೆ ಎಂದು ವರದಿ. ಖಾಸಗಿ ಲ್ಯಾಬಿನಲ್ಲಿ ಒಂದು ಕಿಟ್‌ಗೆ ಗೆರೆ ಬಂದವರಿಗೆ "ಪಾಸಿಟಿವ್" ಎಂಬ ಚೀಟಿ ಕೊಡಬೇಡಿ, ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಗೆ ಕಳಿಸಿ. ಅಲ್ಲಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ. ಮೂರು ಕಿಟ್‌ಗಳು ಒಂದು ಮಾತು ಹೇಳದಿದ್ದರೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ನೋಡಬೇಕು. ವೈವ್ಯಾಕ್ಸ್‌ಗೆ ಪ್ರೈಮಾಕ್ವಿನ್ ಮಾತ್ರೆ ಹೇಗೂ 14 ದಿನ ಇರುವುದರಿಂದ, ಅದು ಮುಗಿದ ಮೇಲೆ, ಮೊದಲ ಎಚ್‌ಐವಿ ಪರೀಕ್ಷೆಗೆ ಎರಡು ವಾರ ತುಂಬಿದ ದಿನ ಮರುಪರೀಕ್ಷೆ ಇಟ್ಟುಕೊಂಡರೆ ಒಂದೇ ಓಡಾಟ. ಮಲ್ಪೆಯ ಮೀನುಗಾರರಿಗೆ ಆ ದಿನವನ್ನು ಬೋಟು ಹೊರಡುವ ದಿನ ಕೇಳಿಯೇ ಗೊತ್ತು ಮಾಡಿ. ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಷೇಧ ತೆರವಾದ ಮೇಲೆ ಆಳಸಮುದ್ರಕ್ಕೆ ಹೋದವರು ಬೇಗ ದಡಕ್ಕೆ ಬರುವುದಿಲ್ಲ.

ಉಲ್ಟಾ ತಪ್ಪೂ ಉಂಟು. ಹೊಸದಾಗಿ ಎಚ್‌ಐವಿ ತಗುಲಿದಾಗಲೂ ಜ್ವರ, ಮೈಕೈ ನೋವು ಬರುತ್ತದೆ, ಆಗ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಇತ್ತೀಚಿನ ಅಪಾಯ ಇದ್ದವರನ್ನು ಮೂರು ತಿಂಗಳಿಗೆ ಮತ್ತೆ ಕರೆಯಿರಿ.

ಎಣಿಕೆ

ಋತುವಿನಲ್ಲಿ ನಿಮ್ಮಲ್ಲಿ ಸ್ಲೈಡ್ ಪಾಸಿಟಿವ್ ಆದವರು 400, ಪರೀಕ್ಷೆಗೆ ಒಪ್ಪಿದವರು 300, ಮೂರು ಕಿಟ್ ದಾಟಿ ಖಚಿತವಾದವರು ಇಬ್ಬರು ಎನ್ನೋಣ. ಪ್ರಮಾಣ 300ಕ್ಕೆ ಎರಡು, ಶೇ 0.67. 400ರಿಂದ ಭಾಗಿಸಬಾರದು. ಒಲ್ಲೆ ಎಂದ 100 ಜನರ ವಯಸ್ಸು, ಲಿಂಗವನ್ನು ಬರೆದಿಡಿ, ಅವರು ಒಪ್ಪಿದವರಿಗಿಂತ ಬೇರೆ ಬಗೆಯವರೇ ಎಂದು ತಿಳಿಯುತ್ತದೆ. ಈ ಶೇ 0.67ರ ಶೇ 95 ವಿಶ್ವಾಸದ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಮಿತಿ) ಶೇ 0.1ರಿಂದ 2.4ರವರೆಗೆ ಹರಡಿದೆ. ಅಂದರೆ ರಾಜ್ಯದ ಸರಾಸರಿಗಿಂತ ಹೆಚ್ಚು ಎಂದು ಹೇಳಲು ಆಧಾರವಿಲ್ಲ. ಒಬ್ಬರೂ ಸಿಗದಿದ್ದರೆ "ಶೂನ್ಯ" ಎಂದು ನಿಲ್ಲಿಸಬೇಡಿ. ಮೂರನ್ನು ಪರೀಕ್ಷಿಸಿದವರ ಸಂಖ್ಯೆಯಿಂದ ಭಾಗಿಸಿ: 300ರಲ್ಲಿ ಯಾರೂ ಇಲ್ಲವೆಂದರೆ ನಿಜವಾದ ಪ್ರಮಾಣ ಶೇ 1ರವರೆಗೂ ಇರಬಹುದು.

ಮೊದಲೇ ಎಆರ್‌ಟಿಯಲ್ಲಿ ಇರುವವರನ್ನೂ ಸೇರಿಸಿ, ಆದರೆ ಪ್ರತ್ಯೇಕ ಸಾಲಿನಲ್ಲಿ. ದೊಡ್ಡ ಆಸ್ಪತ್ರೆಗಳಿಗೆ ಕಠಿಣ ಕೇಸುಗಳೇ ಬರುವುದರಿಂದ ಅಲ್ಲಿನ ಪ್ರಮಾಣ ಊರಿನ ಪ್ರಮಾಣವಲ್ಲ. ಇನ್ನು ಹೋಲಿಕೆ. ಇಲ್ಲಿ ಮಲೇರಿಯಾ ಬರುವವರಲ್ಲಿ ದುಡಿಯುವ ವಯಸ್ಸಿನ ಗಂಡಸರು ಹೆಚ್ಚು, ಎಚ್‌ಐವಿಯೂ ಮಕ್ಕಳಿಗಿಂತ ಆ ವಯಸ್ಸಿನಲ್ಲಿ ಹೆಚ್ಚು. ಅದೇ ವಯಸ್ಸು, ಲಿಂಗ, ಹುಟ್ಟೂರಿನ ಜಿಲ್ಲೆಯವರ ಜೊತೆ ಹೋಲಿಸದೆ "ಕಟ್ಟಡ ಕಾರ್ಮಿಕರಲ್ಲಿ ಹೆಚ್ಚು" ಎಂದು ಬರೆಯುವುದು ತಪ್ಪು ಲೆಕ್ಕವೂ ಹೌದು, ಅನ್ಯಾಯವೂ ಹೌದು.

ಎರಡೂ ಇದ್ದವರಿಗೆ

ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬಾರದು. ವೈವ್ಯಾಕ್ಸ್‌ಗೆ ಎಂದಿನ ಕ್ಲೋರೋಕ್ವಿನ್ ಸಾಕು: ಮೂರು ದಿನಕ್ಕೆ ಕಿಲೋ ತೂಕಕ್ಕೆ 25 ಮಿಲಿಗ್ರಾಂ, 60 ಕಿಲೋದವರಿಗೆ 150 ಮಿಲಿಗ್ರಾಂನ ಮಾತ್ರೆ 4, 4, 2. ಗರ್ಭಿಣಿಯರನ್ನು ಬಿಟ್ಟು ವಯಸ್ಕರಿಗೆ ಪ್ರೈಮಾಕ್ವಿನ್ ದಿನಕ್ಕೆ 15 ಮಿಲಿಗ್ರಾಂ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಕೊರತೆ ನೋಡಿ ಕೊಡುವುದು ಇಲ್ಲಿ ಇನ್ನೂ ಮುಖ್ಯ, ಏಕೆಂದರೆ ಎಚ್‌ಐವಿ ಔಷಧ ಜಿಡೊವುಡಿನ್ ತೆಗೆದುಕೊಳ್ಳುವವರಲ್ಲಿ ರಕ್ತ ಮೊದಲೇ ಕಡಿಮೆ ಇರಬಹುದು. ಮೂತ್ರ ಕಪ್ಪಾದರೆ ಕೂಡಲೇ ಪ್ರೈಮಾಕ್ವಿನ್ ನಿಲ್ಲಿಸಿ ಬರಲು ಹೇಳಿ.

ಫಾಲ್ಸಿಪ್ಯಾರಮ್ ಬಂದಾಗ ಎಚ್ಚರ. ನಮ್ಮಲ್ಲಿ ರೂಢಿಯ ಆರ್ಟಿಸುನೇಟ್ ಜೊತೆಗಿನ ಸಲ್ಫಾಡಾಕ್ಸಿನ್-ಪೈರಿಮೆಥಮಿನ್ ಅನ್ನು ಬೇರೆ ಸೋಂಕು ತಡೆಯಲು ಕೋಟ್ರೈಮಾಕ್ಸಜೋಲ್ ನುಂಗುತ್ತಿರುವ ಎಚ್‌ಐವಿ ಇದ್ದವರಿಗೆ ಕೊಡಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡೂ ಸಲ್ಫಾ ಗುಂಪಿನವು, ಅಡ್ಡಪರಿಣಾಮ ಕೂಡಿಕೊಳ್ಳುತ್ತದೆ. ಬದಲಿಗೆ ಆರ್ಟಿಮೆಥರ್-ಲ್ಯೂಮೆಫಾಂಟ್ರಿನ್ ಇದೆ. ಆದರೆ ಎಫಾವಿರೆಂಜ್ ಎಂಬ ಎಚ್‌ಐವಿ ಔಷಧದ ಮೇಲಿರುವವರಲ್ಲಿ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಈಗ ಹೆಚ್ಚಿನವರು ಇನ್ನೊಂದು ಎಚ್‌ಐವಿ ಔಷಧ ಡೊಲುಟೆಗ್ರಾವಿರ್ ಮೇಲಿದ್ದಾರೆ, ಅದರೊಂದಿಗೆ ಈ ತೊಡಕಿಲ್ಲ. ಎಆರ್‌ಟಿ ಕಾರ್ಡ್ ನೋಡದೆ ಚೀಟಿ ಬರೆಯಬೇಡಿ. ರಕ್ತಹೀನತೆಗೆಂದು ಕಬ್ಬಿಣದ ಮಾತ್ರೆ ಬರೆಯುವಾಗ ಮಾತ್ರ ಹೇಳಿ: ಖಾಲಿ ಹೊಟ್ಟೆಯಲ್ಲಾದರೆ ಡೊಲುಟೆಗ್ರಾವಿರ್ ಅನ್ನು ಅದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು.

ಜ್ವರ ಮೂರು ದಿನಕ್ಕೂ ಇಳಿಯದಿದ್ದರೆ ಮಲೇರಿಯಾ ಒಂದನ್ನೇ ಹಿಡಿದು ಕೂರಬೇಡಿ. ಕ್ಷಯ, ಇಲಿಜ್ವರ, ಡೆಂಗಿ ಹುಡುಕಿ. ವೈರಲ್ ಲೋಡ್ (ರಕ್ತದಲ್ಲಿನ ಎಚ್‌ಐವಿ ಪ್ರಮಾಣ) ಮತ್ತು ಸಿಡಿ4 (ರೋಗನಿರೋಧಕ ಕಣ) ಎಣಿಕೆಯನ್ನೂ ಈಗ ಮಾಡಿಸಬೇಡಿ. ಮಲೇರಿಯಾದಲ್ಲಿ ಸಿಡಿ4 ತಾತ್ಕಾಲಿಕವಾಗಿ ಕುಸಿಯುತ್ತದೆ. ಎಆರ್‌ಟಿ ಇಲ್ಲದವರಲ್ಲಿ ವೈರಸ್ ಸುಮಾರು ಎರಡು ಪಟ್ಟು ಏರಿ, ಎಂಟೊಂಬತ್ತು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿದದ್ದನ್ನು 2005ರಲ್ಲಿ ಪ್ರಕಟವಾದ ಮಲಾವಿಯ ಅಧ್ಯಯನ ತೋರಿಸಿತು. ಜುಲೈಯಲ್ಲಿ ಮಲೇರಿಯಾ ಬಂದವರಿಗೆ ಈ ಪರೀಕ್ಷೆಯ ದಿನವನ್ನು ಸೆಪ್ಟೆಂಬರ್ ಕೊನೆಗೆ ಬರೆದುಕೊಡಿ.