ಚೈನೀಸ್‌ನಲ್ಲಿ ‘ಮಾಮೂಲಿ’ ಅನ್ನೋ ನುಡಿಗಟ್ಟುಗಳು, ನಾನು ಕಲಿತ ರೀತಿ (ನನ್ನ ಅನುಭವ)

‘ಅಯ್ಯೋ ಇದೆಲ್ಲಾ ಮಾಮೂಲಿ ಬಿಡಿ’ ಅನ್ನೋದಕ್ಕೆ ಚೈನೀಸ್‌ನಲ್ಲಿ ಒಂದು ದೊಡ್ಡ ಗುಂಪೇ ಇದೆ, ಎಲ್ಲಾ ನಾಲ್ಕಕ್ಷರದ ಛಂಗ್‌ಯೂಗಳು, ಅಂದ್ರೆ ಸಿದ್ಧ ನುಡಿಗಟ್ಟುಗಳು. ಡಿಕ್ಷನರಿ ತೆಗೆದ್ರೆ ಒಂದರ ಮುಂದೆ ಇನ್ನೊಂದನ್ನ ಸಮಾನಾರ್ಥ ಅಂತ ಬರೆದು ಕೈತೊಳ್ಕೊಂಡಿರುತ್ತೆ. ಅದನ್ನ ಉರು ಹೊಡೆದ್ರೆ ವಾಕ್ಯದಲ್ಲಿ ಹಾಕಕ್ಕೆ ಬರಲ್ಲ. ಅದಕ್ಕೇ ನಾನು ನೋಟ್‌ಬುಕ್‌ನಲ್ಲಿ ಅರ್ಥದ ಬದಲು ಮಾತು ಯಾರ ಮೇಲಿದೆ ಅಂತ ಬರ್ಕೊಳ್ಳೋಕೆ ಶುರು ಮಾಡ್ದೆ, ನೋಡೋನ ಮೇಲಾ, ನಡೆಯೋ ವಿಷಯದ ಮೇಲಾ, ಇಲ್ಲಾ ಎಷ್ಟಿದೆ ಅನ್ನೋದರ ಮೇಲಾ.

ಸಿಕೋಂಗ್ ಜಿಯೆನ್‌ಗ್ವಾನ್ ನೋಡೋನದ್ದು. ಥಾಂಗ್ ಕಾಲದ ಕವಿ ಲ್ಯೂ ಯೂಶಿ (772–842) ಒಬ್ಬ ದೊಡ್ಡ ಅಧಿಕಾರಿ ಮನೆ ಔತಣಕ್ಕೆ ಹೋಗ್ತಾನೆ, ಅಲ್ಲಿ ಹಾಡೋ ಹುಡುಗಿನ್ನ ನೋಡಿ ಕರಗಿಹೋಗಿ, ಸಿಕೋಂಗ್ ಸಾಹೇಬ್ರಿಗೆ ಇದೆಲ್ಲಾ ನೋಡಿ ನೋಡಿ ಮಾಮೂಲಿ, ನನಗೆ ಮಾತ್ರ ಕರುಳು ಕಿತ್ತು ಬರ್ತಿದೆ ಅಂತ ಪದ್ಯ ಹೇಳ್ತಾನೆ (ಸಿಕೋಂಗ್ ಅನ್ನೋದು ಹುದ್ದೆ ಹೆಸರು). ಕಥೆ ನಿಜಾನೋ ಕಟ್ಟಿದ್ದೋ, ನನಗಂತೂ ಮರೆಯಲ್ಲ. ನಮ್ಮ ‘ದಿನಾ ಸಾಯೋರಿಗೆ ಅಳೋರ್ಯಾರು’ ಅದೇ ಜಾತಿ. ಶಿಯಿ ವೇಯ್‌ಛಾಂಗ್ ಕೂಡ ನೋಡೋನಿಗೇ ಅಭ್ಯಾಸ ಆಗಿಹೋಗಿದೆ ಅನ್ನೋದು.

ಲ್ಯೂಜಿಯೆನ್ ಬುಶಿಯೆನ್, ಪದೇ ಪದೇ ಕಂಡಿದ್ದು ಹೊಸದಲ್ಲ ಅನ್ನೋದು, ವಿಷಯದ್ದು. ಇಲ್ಲಿ ಕೊನೆ ಅಕ್ಷರಕ್ಕೆ ಎರಡು ಓದು, ಮೊದಲ ಟೋನ್‌ನಲ್ಲಿ (ಟೋನ್ ಅಂದ್ರೆ ದನಿಯ ಏರಿಳಿತ) ತಾಜಾ, ಮೂರನೇದ್ರಲ್ಲಿ ಅಪರೂಪ, ಎರಡನ್ನ ಹಾಕಿದ್ರೂ ಅರ್ಥ ಹೊಂದೋ ತರ ಕಾಣೋದ್ರಿಂದ ಟೋನ್ ತಪ್ಪೋದು ಸಲೀಸು. ಸರಿಯಾದ್ದು ಮೊದಲನೇದು. ಇದರ ಹಳೇ ರೂಪ ಹಾನ್ ಕಾಲದ ಇತಿಹಾಸಕಾರ ಸಿಮಾ ಛಿಯೆನ್‌ನ ಶಿಜಿ ಅನ್ನೋ ಚರಿತ್ರೆ ಪುಸ್ತಕದಲ್ಲಿದೆ, ಅದರಲ್ಲಿ ಲೂ ಜಿಯಾ ಅನ್ನೋ ಅಧಿಕಾರಿ ತನ್ನ ಐದು ಮಕ್ಕಳಿಗೆ, ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ನಿಮ್ಮನೆಗೆ ಬರಲ್ಲ ಕಣ್ರೋ, ಪದೇ ಪದೇ ಬಂದ್ರೆ ತಾಜಾತನ ಇರಲ್ಲ ಅಂತಾನೆ. ಇದನ್ನ ಓದಿದ್ಮೇಲೆ ಟೋನ್ ತಾನಾಗೇ ಕೂತ್ಕೊಳ್ತು.

ಬೀಬೀ ಜಿಯೇಶೀ ಬರೀ ಸಂಖ್ಯೆ, ಎಲ್ಲಿ ನೋಡಿದ್ರೂ ಅದೇ.

ವಿರುದ್ಧಾರ್ಥಗಳನ್ನೂ ಹೀಗೇ ಜೋಡಿಸ್ದೆ. ಸಂಖ್ಯೆಗೆ ಎದುರು ಫೆಂಗ್‌ಮಾವ್ ಲಿನ್‌ಜಿಯಾವ್, ಫೀನಿಕ್ಸ್ ಗರಿ ಮತ್ತೆ ಛಿಲಿನ್ ಅನ್ನೋ ಪುರಾಣದ ಪ್ರಾಣಿ ಕೊಂಬು, ಆದ್ರೆ ಬೆಲೆಬಾಳೋ ಅಪರೂಪಕ್ಕೆ ಮಾತ್ರ, ಅಪರೂಪದ ಕಾಯಿಲೆಗೆ ಹಾಕೋ ಹಾಗಿಲ್ಲ, ಅಂಥದ್ದಕ್ಕೆ ಹಾನ್‌ಜಿಯೆನ್ ಅನ್ನೋ ಸಾದಾ ಪದ ಸಾಕು. ನೋಡೋನ ಕಡೆಗೆ ಶಾವ್‌ಜಿಯೆನ್ ದ್ವೋಗ್ವಾಯ್, ನೋಡಿರೋದು ಕಮ್ಮಿ ಬೆರಗಾಗೋದು ಜಾಸ್ತಿ, ಇದು ಬೈಗುಳದ ಹತ್ತಿರ, ದೊಡ್ಡೋರ ಮುಂದೆ ಬೇಡ.

ಮಾತಾಡುವಾಗ ನಾನು ಜಾಸ್ತಿ ಬಳಸೋದು ಜಿಯಾಛಾಂಗ್ ಬಿಯೆನ್‌ಫಾನ್, ಅಂದ್ರೆ ದಿನದ ಮನೆಯೂಟ. ಬೆಂಗಳೂರಲ್ಲಿ ಟ್ರಾಫಿಕ್ ಜಾಮ್ ಅಂದ್ರೆ ಜಿಯಾಛಾಂಗ್ ಬಿಯೆನ್‌ಫಾನ್ ಅಂದ್ರೆ ಚೀನಾದೋರಿಗೆ ಇನ್ನೇನೂ ಬಿಡಿಸಿ ಹೇಳ್ಬೇಕಾಗಿಲ್ಲ.